ಕೊಟ್ಟೆಯ ಬಾಯಿ ಕೆಳಗೆ ತೆರೆದಿರುತ್ತದೆ

ಈ ಚಳಿಗಾಲದಲ್ಲಿ ನನ್ನ ತೋಟದಲ್ಲಿ ಜಾಸ್ತಿ ಕೆಲಸ ಮಾಡಿದ್ದು ಹುಬ್ಬು ಕೀಳುವ ಚಿಮುಟ. ಫೆಬ್ರವರಿಯ ಒಂದು ಭಾನುವಾರ ಅಪರೂಪಕ್ಕೆ ಬಿಸಿಲು ಬಂದಿತ್ತು. ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತು, ಕಿತ್ತಳೆ ಹಣ್ಣಿನಷ್ಟು ದೊಡ್ಡದಿರುವ ಒಂದು ಗಿಡದಿಂದ ಕೊಳೆತ ಎಲೆಗಳನ್ನು ಒಂದೊಂದಾಗಿ ಹೆಕ್ಕಿದೆ. ಒಂದು ಗಂಟೆ ಹಿಡಿಯಿತು. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯಾಕೆ, ಮಗುವಿನ ತಲೆಯಿಂದ ಹೇನು ಹೆಕ್ಕುವವಳನ್ನು ನೋಡಿದ ಹಾಗೆ ನೋಡಿ ನಕ್ಕರು.

ನಾನು ಬೆಳೆಯುವುದು ಆಲ್ಪೈನ್ ಗಿಡಗಳನ್ನು. ಮರಗಳೇ ಬೆಳೆಯಲಾರದ ಎತ್ತರದಲ್ಲಿ, ಬಂಡೆಯ ಸಂದಿಯಲ್ಲಿ ಬದುಕುವ ಪುಟ್ಟ ಹೂಗಿಡಗಳು ಇವು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಮ್ಮ ಹಿತ್ತಲು ಎಂದರೆ ನಾಲ್ಕು ಮಂಚ ಹಾಕಿದರೆ ಮುಗಿಯಿತು. ಅಷ್ಟರಲ್ಲೇ ಮೂರು ಕಲ್ಲುಮರಿಗೆ ಇಟ್ಟಿದ್ದೇನೆ. ಊರಲ್ಲಿ ದನಕ್ಕೆ ಅಕ್ಕಚ್ಚು ಹಾಕುತ್ತಿದ್ದೆವಲ್ಲ, ಅಂಥದ್ದೇ. ಎರಡು ನಿಜವಾದ ಕಲ್ಲಿನವು, ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದವು. ಮೂರನೆಯದು ಸಿಮೆಂಟು, ಮರಳು, ತೆಂಗಿನ ನಾರಿನ ಪುಡಿ ಕಲಸಿ ನಾನೇ ಎರಕ ಹೊಯ್ದಿದ್ದು. ಅದು ಸ್ವಲ್ಪ ಸೊಟ್ಟಗಿದೆ. ಇರಲಿ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವಳು ನಾನು. ಹಾಗಾಗಿ ಮಳೆ ಅಂದರೆ ಏನು ಅಂತ ನನಗೆ ಗೊತ್ತು ಎಂಬ ಸೊಕ್ಕಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಎಡಿನ್‌ಬರೋದಲ್ಲಿ ಬರೀ 700ರ ಆಸುಪಾಸು. ನಮ್ಮೂರಲ್ಲಿ ಒಂದು ಆಷಾಢದಲ್ಲಿ ಬೀಳುವಷ್ಟೂ ಇಲ್ಲಿ ವರ್ಷವಿಡೀ ಬೀಳುವುದಿಲ್ಲ. ಆದರೆ ಆ ಚೂರು ಮಳೆಯನ್ನೇ ಇಲ್ಲಿನ ಆಕಾಶ ಜಿಪುಣನ ಹಾಗೆ ವರ್ಷಕ್ಕೆ 120 ದಿನಕ್ಕೂ ಹೆಚ್ಚು ಹಂಚಿ ಹಂಚಿ ಸುರಿಸುತ್ತದೆ. ಸುರಿಯುವುದೂ ಅಲ್ಲ, ಜಿನುಗುವುದು. ನವೆಂಬರಿನಲ್ಲಿ ಸಂಜೆ ನಾಲ್ಕು ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಬೆಳಿಗ್ಗೆ ಒದ್ದೆಯಾದ ಎಲೆ ಸಂಜೆಗೂ ಒದ್ದೆ, ನಾಳೆಗೂ ಒದ್ದೆ.

ಆಲ್ಪ್ಸ್ ಬೆಟ್ಟದ ಗಿಡಕ್ಕೆ ಚಳಿಯ ಭಯವಿಲ್ಲ. ಅಲ್ಲಿ ಚಳಿಗಾಲವೆಲ್ಲ ಅದು ಹಿಮದ ಕೆಳಗೆ ಕಂಬಳಿ ಹೊದ್ದು ಮಲಗಿರುತ್ತದೆ. ಹೊರಗೆ ಮೈನಸ್ 20 ಇದ್ದರೂ ಹಿಮದ ಅಡಿಯಲ್ಲಿ ಸೊನ್ನೆಯ ಆಸುಪಾಸು. ಮುಖ್ಯವಾಗಿ, ಹರಿಯುವ ನೀರಿಲ್ಲ. ಇಲ್ಲಿ ಹಿಮದ ಹೊದಿಕೆ ಇಲ್ಲ. ನಾಲ್ಕು ಡಿಗ್ರಿ ಚಳಿ, ಮೈಮೇಲೆ ಸದಾ ಒದ್ದೆ ಬಟ್ಟೆ. ಹಾಗೆ ಮಲಗಿದರೆ ನಮಗೂ ಕಾಯಿಲೆ ಬರುತ್ತದೆ, ಅಲ್ವಾ?

ಆ ಕಾಯಿಲೆಯ ಹೆಸರು ಬೊಟ್ರೈಟಿಸ್. ಬೂದು ಬೂಷ್ಟು. ಇದನ್ನು ನೀವೂ ನೋಡಿರುತ್ತೀರಿ. ಫ್ರಿಜ್ಜಿನಲ್ಲಿ ಮರೆತ ಸ್ಟ್ರಾಬೆರಿ ಮೇಲೆ ಬೂದು ಬಣ್ಣದ ತುಪ್ಪಳ ಬೆಳೆಯುತ್ತದಲ್ಲ, ಅದೇ. ಫ್ರಿಜ್ಜಿನ ಚಳಿಯಲ್ಲೇ ಬೆಳೆಯುವ ಶಿಲೀಂಧ್ರಕ್ಕೆ ಸ್ಕಾಟ್ಲೆಂಡಿನ ಜನವರಿ ಯಾವ ಲೆಕ್ಕ? ತಮಾಷೆ ಅಂದರೆ, ಫ್ರಾನ್ಸಿನ ಸೋಟೆರ್ನ್ ಎಂಬಲ್ಲಿ ಇದೇ ಶಿಲೀಂಧ್ರ ಹತ್ತಿದ ದ್ರಾಕ್ಷಿಯಿಂದ ಭಾರೀ ಬೆಲೆಯ ಸಿಹಿ ವೈನ್ ಮಾಡುತ್ತಾರೆ. ನನಗೆ ಮಾತ್ರ ಅದರಿಂದ ನಷ್ಟ ಬಿಟ್ಟು ಬೇರೇನೂ ಸಿಕ್ಕಿಲ್ಲ.

ನಾನು ಚಿಮುಟ ಹಿಡಿದು ಕೂತಿದ್ದ ಗಿಡ ಆಂಡ್ರೊಸೇಸ್ ವಾಂಡೆಲ್ಲಿಯೈ. ಹೆಸರು ದೊಡ್ಡದು, ಗಿಡ ಸಣ್ಣದು. ಅಕ್ಕಿಕಾಳಿನಷ್ಟೇ ಇರುವ ಎಲೆಗಳು ಸೇರಿ ಒಂದು ಪುಟ್ಟ ಗುಲಾಬಿಯಂಥ ಸುತ್ತು. ಅಂಥ ನೂರಾರು ಸುತ್ತುಗಳು ಒತ್ತಾಗಿ ಸೇರಿ ಒಂದು ಗುಂಡು ದಿಂಬು. ಮೈತುಂಬ ಬೆಳ್ಳಿ ಬಣ್ಣದ ಕೂದಲು. ಏಪ್ರಿಲ್ ಹೊತ್ತಿಗೆ ಎಲೆ ಕಾಣದಷ್ಟು ಬಿಳಿ ಹೂ, ನಡುವೆ ಹಳದಿ ಕಣ್ಣು. ಆ ಕೂದಲೇ ಅದಕ್ಕೆ ಶತ್ರು. ಬೆಟ್ಟದ ಮೇಲಿನ ಬಿಸಿಲಿಗೆ, ಒಣ ಗಾಳಿಗೆ ಅದು ಕೊಡೆ. ಇಲ್ಲಿ ಮಾತ್ರ ಸ್ಪಂಜು.

ಬೂಷ್ಟು ಶುರುವಾಗುವುದು ಜೀವ ಇರುವ ಎಲೆಯಿಂದ ಅಲ್ಲ. ಮೊದಲು ಸತ್ತದ್ದನ್ನು ತಿನ್ನುತ್ತದೆ. ಕಳೆದ ವರ್ಷದ ಒಣಗಿದ ಹೂ, ಗಾಳಿಗೆ ಬಂದು ಬಿದ್ದ ಬರ್ಚ್ ಮರದ ಎಲೆ, ಬಸವನಹುಳು ಕಚ್ಚಿಬಿಟ್ಟ ತುದಿ. ಅಲ್ಲಿ ಹೊಟ್ಟೆ ತುಂಬಿಸಿಕೊಂಡು ಆಮೇಲೆ ಪಕ್ಕದ ಹಸಿರಿಗೆ ಕೈ ಹಾಕುತ್ತದೆ. ಬೆಳ್ಳಿ ದಿಂಬಿನ ಮೇಲೆ ಮೊದಲು ಕಾಣುವುದು ಒಂದು ಕಂದು ಚುಕ್ಕೆ, ಸಾಸಿವೆಯಷ್ಟು. ವಾರದಲ್ಲಿ ಅದು ಒಂದು ರೂಪಾಯಿ ನಾಣ್ಯವಾಗುತ್ತದೆ. ಊದಿದರೆ ಸಣ್ಣಗೆ ಹೊಗೆ ಎದ್ದ ಹಾಗೆ ಬೀಜಕಣ ಹಾರುತ್ತದೆ. ಊದಬೇಡಿ. ನಾನು ಊದಿ ನೋಡಿದ್ದೇನೆ, ಪಕ್ಕದ ಎರಡು ಗಿಡ ಹೋದವು.

ಅದಕ್ಕೆ ಈಗ ನಾನು ಮಾಡುವುದು ಹೀಗೆ. ಒಣ ದಿನ ಬೇಕು, ಅದೂ ಮಧ್ಯಾಹ್ನವೇ ಆಗಬೇಕು. ಚಿಮುಟದಿಂದ ಕಂದು ಸುತ್ತನ್ನು ಮೆಲ್ಲಗೆ ಹಿಡಿದು ಮೇಲಕ್ಕೆಳೆದರೆ, ಕೊಳೆತದ್ದಾದರೆ ಸುಮ್ನೆ ಕಳಚಿ ಬರುತ್ತದೆ. ಬಾರದಿದ್ದರೆ ಅದು ಇನ್ನೂ ಗಟ್ಟಿ, ಬಿಟ್ಟುಬಿಡಬೇಕು. ಕೊಳೆತದ್ದರ ಸುತ್ತಲಿನ ಒಂದು ಸಾಲು ಹಸಿರನ್ನೂ ತೆಗೆಯುತ್ತೇನೆ. ಹೊಟ್ಟೆ ಉರಿಯುತ್ತದೆ, ಆದರೂ ತೆಗೆಯುತ್ತೇನೆ. ಕಿತ್ತದ್ದು ನೇರ ಕವರಿಗೆ, ಕವರು ಕಸದ ಡಬ್ಬಿಗೆ. ಕಾಂಪೋಸ್ಟಿಗೆ ಖಂಡಿತ ಹಾಕುವುದಿಲ್ಲ. ಕೊನೆಗೆ ಉಳಿಯುವ ಗುಂಡಿಗೆ ಒಣ ಒರಟು ಮರಳು ತುಂಬುತ್ತೇನೆ. ಇಲ್ಲದಿದ್ದರೆ ಗುಂಡಿಯಲ್ಲಿ ನೀರು ನಿಂತು ಮತ್ತೆ ಅದೇ ಕಥೆ. ಅದೃಷ್ಟ ಇದ್ದರೆ ಒಂದೆರಡು ಬೇಸಿಗೆಯಲ್ಲಿ ಸುತ್ತಲಿನ ಹಸಿರು ಬೆಳೆದು ಮರಳನ್ನು ಮುಚ್ಚಿಕೊಳ್ಳುತ್ತದೆ. ಇದು ಹಲ್ಲಿನ ಡಾಕ್ಟರ ಕೆಲಸದ ಹಾಗೇ. ಹುಳುಕು ಕೆರೆದು ಸಿಮೆಂಟು ತುಂಬುವುದು.

ಇಷ್ಟು ಬುದ್ಧಿ ಮೊದಲ ವರ್ಷ ಇರಲಿಲ್ಲ. ಆಗ ನನಗೆ ಅರ್ಥವಾಗಿದ್ದು ಒಂದೇ, ಮಳೆ ತಾಗಬಾರದು. ಅಕ್ಟೋಬರ್ ಕೊನೆಯಲ್ಲಿ ಮೂರೂ ಮರಿಗೆಗಳಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಗಾಳಿಗೆ ಹಾರದಿರಲಿ ಅಂತ ಸುತ್ತಲೂ ಹಗ್ಗ ಬಿಗಿದು ಕಲ್ಲು ಹೇರಿದೆ. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿದ ಹಾಗೆ. ಒಳ್ಳೆಯ ಕೆಲಸ ಮಾಡಿದೆ ಅಂತ ಹೆಮ್ಮೆಯೂ ಆಯಿತು. ಹನ್ನೆರಡು ದಿನದ ನಂತರ ಬಿಚ್ಚಿದಾಗ ಪ್ಲಾಸ್ಟಿಕ್ಕಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹನ್ನೊಂದು ಗಿಡಗಳಲ್ಲಿ ಏಳು ಬೂದು ತುಪ್ಪಳ ಹೊದ್ದು ಕೂತಿದ್ದವು.

ಆ ಸಂಜೆ ವಾಟ್ಸಾಪಿನಲ್ಲಿ ಅಪ್ಪಯ್ಯನಿಗೆ ತೋರಿಸಿದೆ. ಅವರು ಗಿಡ ನೋಡಲಿಲ್ಲ, ಪ್ಲಾಸ್ಟಿಕ್ಕನ್ನೇ ನೋಡಿದರು. "ಅಲ್ಲ ಮಾರಾಯ್ತಿ, ಕೊಟ್ಟೆಗೆ ಅಡಿ ಕಟ್ತಾರಾ ಯಾರಾದ್ರೂ?"

ಗೊತ್ತಿಲ್ಲದವರಿಗೆ ಹೇಳಬೇಕು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಹಾಳೆಯಿಂದಲೋ ಕರಡದಿಂದಲೋ ಮಾಡಿದ ಟೋಪಿ ಅದು. ಆಮೇಲೆ ಪ್ಲಾಸ್ಟಿಕ್ ಕೊಟ್ಟೆ ಬಂತು. ಕೊನೆಗೌಡರು ಮರ ಹತ್ತಿ ಗೊನೆಯ ಮೇಲೆ ಅದನ್ನು ಕವುಚಿ ಕಟ್ಟಿದರೆ ಕಾಯಿಯ ಮೇಲೆ ನೀರು ಬೀಳುವುದಿಲ್ಲ, ಕೊಳೆ ಬರುವುದಿಲ್ಲ. ಆದರೆ ಅದರ ಬಾಯಿ ಯಾವಾಗಲೂ ಕೆಳಕ್ಕೆ ತೆರೆದೇ ಇರುತ್ತದೆ. ಕಾಯಿಗೆ ಗಾಳಿ ಬೇಕಲ್ಲ. ಇದನ್ನು ಚಿಕ್ಕಂದಿನಿಂದ ಪ್ರತಿ ವರ್ಷ ನೋಡಿದ್ದೇನೆ. ನೋಡಿದ್ದೇ ಬಂತು.

ಮುಂದಿನ ವಾರ ಇಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್ನಿಗೆ ಹೋದಾಗ ಕಣ್ಣು ತೆರೆಯಿತು. ಅಲ್ಲಿ ಆಲ್ಪೈನ್ ಗಿಡಗಳಿಗೆಂದೇ ಗಾಜಿನ ಮನೆಗಳಿವೆ. 2013ರಲ್ಲಿ ಟೂಫಾ ಕಲ್ಲಿನದ್ದೇ ಒಂದು ಮನೆ ಕಟ್ಟಿದ್ದಾರೆ. ಟೂಫಾ ಅಂದರೆ ಹಗುರವಾದ, ತೂತು ತೂತಾದ ಸುಣ್ಣದ ಕಲ್ಲು. ಅದಕ್ಕೆ ರಂಧ್ರ ಕೊರೆದು ಗಿಡ ಕೂರಿಸುತ್ತಾರೆ. ಎಷ್ಟೋ ಸಲ ಹೋಗಿದ್ದರೂ ನಾನು ಅಂದುಕೊಂಡಿದ್ದು, ಗಾಜು ಬೆಚ್ಚಗಿಡುವುದಕ್ಕೆ ಅಂತ. ಅಲ್ಲ! ಅದು ಮಳೆ ತಡೆಯುವುದಕ್ಕೆ. ಗಾಳಿ ಆಡುತ್ತಲೇ ಇರಬೇಕು. ದೊಡ್ಡ ಕೊಟ್ಟೆ ಅಷ್ಟೇ.

ಈಗ ನನ್ನ ಮರಿಗೆಗಳ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ, ಮೇಲೊಂದು ಹಳೇ ಕಿಟಕಿ ಗಾಜು. ನೀರು ಹಿಂದಕ್ಕೆ ಹರಿಯುವಂತೆ ಒಂದು ಕಡೆ ತುಸು ಇಳಿಜಾರು. ಸುತ್ತ ನಾಲ್ಕೂ ಕಡೆ ಬಯಲು. ಅಕ್ಟೋಬರ್ ಕೊನೆಗೆ ಹಾಕುವುದು, ಮಾರ್ಚ್ ಕೊನೆಗೆ ತೆಗೆಯುವುದು. ಕುಂಡಗಳಿರುವ ಚಿಕ್ಕ ಗಾಜಿನ ಪೆಟ್ಟಿಗೆಗೆ ನನ್ನ ಗಂಡ ಹಳೇ ಕಂಪ್ಯೂಟರಿನ ಫ್ಯಾನ್ ಕಿತ್ತು ಜೋಡಿಸಿಕೊಟ್ಟಿದ್ದಾರೆ. ಹಗಲೂ ರಾತ್ರಿ ಗುಂಯ್ ಅನ್ನುತ್ತದೆ. ಬೊಟ್ರೈಟಿಸ್ ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ, ಚಿಮುಟದ ಕಥೆ ಆಗಲೇ ಹೇಳಿದೆನಲ್ಲ. ಆದರೆ ಏಳು ಗಿಡ ಒಟ್ಟಿಗೆ ಹೋಗುವುದು ನಿಂತಿದೆ.

ಇದೆಲ್ಲ ಮೇಲಿನ ನೀರಿನ ಕಥೆ. ಕೆಳಗಿನ ನೀರು ಇನ್ನೂ ಮೋಸದ್ದು. ಗಿಡ ಬಾಡಿದೆ ಅಂತ ನೀರು ಹಾಕುತ್ತೀರಿ, ಅದು ಇನ್ನೂ ಬಾಡುತ್ತದೆ. ಕಿತ್ತು ನೋಡಿದರೆ ಬೇರು ಕಂದಾಗಿ ಮೆತ್ತಗಾಗಿರುತ್ತದೆ. ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನೂಲು ಉಳಿಯುತ್ತದೆ. ಇದು ಪಿಥಿಯಮ್, ಫೈಟಾಫ್ತೊರಾ ಎಂಬ, ಬೇರು ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ. ಫೈಟಾಫ್ತೊರಾ ಅಂದಾಗ ಅಡಿಕೆಯವರ ಕಿವಿ ನೆಟ್ಟಗಾಗಬೇಕು. ನಮ್ಮ ಕೊಳೆರೋಗವೂ ಅದೇ ಮನೆತನದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆಯ ಕೊಳೆರೋಗದ ಮೇಲೆ ವರದಿ ಬರೆದಿದ್ದರು. ಅದಕ್ಕೂ ಮುಂಚೆ, 1876ರಲ್ಲಿ, ಕಾಫಿ ಎಲೆಯ ಕೊಳೆರೋಗ ತರುವ ಬೇರೊಂದು ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಲ್ಯಾಟಿನ್ ಹೆಸರಿನ ಬಾಲದಲ್ಲಿ ನಮ್ಮ ಕನ್ನಡದ ಮಾತು! ಇಲ್ಲಿನ ಗಿಡದ ಗೆಳೆಯರ ಮುಂದೆ ಇದನ್ನು ನಾನು ಎರಡು ಮೂರು ಸಲ ಹೇಳಿಕೊಂಡಿದ್ದೇನೆ. ಅವರು ಸುಸ್ತಾಗಿದ್ದಾರೆ.

ಕಟ್ಟುನಿಟ್ಟಾಗಿ ಹೇಳಿದರೆ ಫೈಟಾಫ್ತೊರಾ ಶಿಲೀಂಧ್ರವೇ ಅಲ್ಲ. ವಿಜ್ಞಾನಿಗಳು ಅದನ್ನು ಕಂದು ಪಾಚಿಗಳ ನೆಂಟರ ಸಾಲಿಗೆ ಸೇರಿಸುತ್ತಾರೆ. ನಮಗೆ ಮುಖ್ಯವಾದದ್ದು ಇಷ್ಟು. ಅದರ ಬೀಜಕಣಗಳಿಗೆ ಬಾಲವಿದೆ, ಅವು ನೀರಲ್ಲಿ ಈಜುತ್ತವೆ. ಮಣ್ಣಲ್ಲಿ ನೀರು ನಿಂತರೆ ಅವಕ್ಕೆ ಹೊಳೆ ಸಿಕ್ಕ ಹಾಗೆ. ಬೇರಿಗೆ ಬಂದ ಮೇಲೆ ಮನೆ ತೋಟದವರು ಹಾಕಬಹುದಾದ ಔಷಧಿ ಇಲ್ಲಿ ಯಾವುದೂ ಇಲ್ಲ. ಹಾಗಾಗಿ ಇರುವುದು ಮಣ್ಣಿನ ಉಪಾಯ ಒಂದೇ. ನನ್ನ ಮಿಶ್ರಣದಲ್ಲಿ ಅರ್ಧಕ್ಕೂ ಹೆಚ್ಚು ಒರಟು ಜಲ್ಲಿಚೂರು, ಉಳಿದದ್ದು ಮಣ್ಣು ಮತ್ತು ಎಲೆಗೊಬ್ಬರ. ಗಿಡದ ಕುತ್ತಿಗೆಯ ಸುತ್ತ ಎರಡು ಮೂರು ಸೆಂಟಿಮೀಟರ್ ಬರೀ ಜಲ್ಲಿ. ಮಳೆ ನಿಂತ ಹತ್ತು ನಿಮಿಷಕ್ಕೆ ಕುತ್ತಿಗೆ ಒಣಗಿರಬೇಕು. ಗೊಬ್ಬರ ಜಾಸ್ತಿ ಹಾಕಿದರೆ ಗಿಡ ಕೊಬ್ಬಿ ಮೆತ್ತಗಾಗುತ್ತದೆ, ಮೆತ್ತಗಿದ್ದದ್ದು ಬೇಗ ಕೊಳೆಯುತ್ತದೆ.

ಅಂಗಡಿಯಿಂದ ತಂದ ಗಿಡವನ್ನು ನೇರ ನೆಡಬೇಡಿ. ಒಂದು ದೊಡ್ಡ ಅಂಗಡಿಯಿಂದ ಜೆನ್ಷಿಯನ್ ಎಂಬ ಹೂಗಿಡ ಎರಡು ತಂದಿದ್ದೆ. ಕುಂಡದ ತುಂಬ ಹಿಂಡಿದರೆ ನೀರು ಬರುವಂಥ ಪೀಟ್, ಅಂದರೆ ಜೌಗುನೆಲದ ಕಪ್ಪು ಮಣ್ಣು. ಅದನ್ನು ತೊಳೆಯದೆ ಜಲ್ಲಿ ಮಣ್ಣಿನಲ್ಲಿ ಕೂರಿಸಿದೆ. ಸುತ್ತ ಎಲ್ಲ ಒಣ, ನಡುವೆ ಮಾತ್ರ ಒದ್ದೆ ಮುದ್ದೆ. ಮೂರು ತಿಂಗಳಿಗೆ ಎರಡೂ ಹೋದವು.

ಲೂಯಿಸಿಯಾ ಬೆಳೆಯುವವರು ಒಂದು ವಿಷಯ ನೆನಪಿಡಿ. ಅದನ್ನು ಮಲಗಿಸಿ ನೆಡಿ. ಅಮೆರಿಕದ ಪಶ್ಚಿಮ ಕರಾವಳಿಯ ಬೆಟ್ಟಗಳ ಗಿಡ ಅದು, ತಟ್ಟೆಯಂತೆ ಹರಡಿದ ದಪ್ಪ ಎಲೆ. ನೆಟ್ಟಗೆ ನೆಟ್ಟರೆ ನಡುವಿನ ಬಟ್ಟಲಿನಲ್ಲಿ ನೀರು ನಿಂತು ಕುತ್ತಿಗೆ ಕೊಳೆಯುತ್ತದೆ. ಕಲ್ಲುಗೋಡೆಯ ಸಂದಿಯಲ್ಲಿ ಪಕ್ಕಕ್ಕೆ ಕೂರಿಸಿದರೆ ನೀರು ತಾನೇ ಜಾರಿ ಹೋಗುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಬಾಲ್ಕನಿಯ ಎಚೆವೇರಿಯಾ ಎಂಬ ದಪ್ಪ ಎಲೆಯ ಗಿಡಗಳಿಗೆ ಇದನ್ನೇ ಮಾಡಿದಳು, ಕುಂಡಗಳನ್ನೇ ವಾಲಿಸಿಟ್ಟಳು. ನೋಡಿದವರು ಕುಂಡ ಬಿದ್ದಿದೆ ಅಂತ ಎತ್ತಿ ನಿಲ್ಲಿಸಿ ಹೋಗುತ್ತಾರಂತೆ.

ಇನ್ನು ನನ್ನ ದೊಡ್ಡ ಅವಮಾನದ ವಿಷಯ. ಆರಿಕ್ಯುಲಾ ಎಂಬ ಹೂಗಿಡ ಇದೆ, ಪ್ರಿಮುಲಾ ಕುಲದ್ದು. ಒಂದು ಮಾರಾಟದಲ್ಲಿ ಆರು ಗಿಡ ಕೊಂಡೆ. ಮನೆಗೆ ತಂದು ನೋಡಿದರೆ ಎಲೆಯ ಮೇಲೆಲ್ಲ ಬಿಳಿ ಹಿಟ್ಟು. ಬೂದಿರೋಗ! ನಮ್ಮ ಮನೆಯ ದಾಸವಾಳಕ್ಕೂ ಕುಂಬಳಕ್ಕೂ ಬರುತ್ತಿತ್ತಲ್ಲ, ಹಾಗೇ ಕಂಡಿತು. ಅಡುಗೆ ಸೋಡಾದ ನೀರಿನಲ್ಲಿ ಹತ್ತಿ ಅದ್ದಿ ಒಂದೊಂದು ಎಲೆಯನ್ನೂ ಮಗುವಿನ ಮುಖ ಒರೆಸಿದಂತೆ ಒರೆಸಿದೆ. ಆರು ಗಿಡ, ಎರಡು ಗಂಟೆ. ಒರೆಸಿದ ಎಲೆಗಳೆಲ್ಲ ಫಳಫಳ ಹಸಿರು.

ಮುಂದಿನ ತಿಂಗಳು ಗಿಡದ ಪ್ರದರ್ಶನದಲ್ಲಿ ಒಬ್ಬ ಅಜ್ಜ ಆರಿಕ್ಯುಲಾದ ಕುಂಡವನ್ನು ಉಸಿರು ಬಿಗಿಹಿಡಿದು, ಎಲೆಗೆ ಬೆರಳು ತಾಗದ ಹಾಗೆ ಮೇಜಿಗೆ ಇಡುತ್ತಿದ್ದರು. ಅದರ ಮೇಲೂ ಹಿಟ್ಟು, ನನ್ನದಕ್ಕಿಂತ ದಪ್ಪ. ನಾನು ಪಾಪ ಅಂತ ಸೋಡಾ ಉಪಾಯ ಹೇಳಿಕೊಟ್ಟೆ. ಅವರು ಮಾತಾಡಲಿಲ್ಲ, ಸುಮ್ಮನೆ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ವಿವರಿಸಿದರು. ಅದು ರೋಗವಲ್ಲ, ಗಿಡ ತಾನೇ ಹಚ್ಚಿಕೊಳ್ಳುವ ಪೌಡರ್. ಅದೇ ಅದರ ಚಂದ. ಮಳೆ ಹನಿ ಬಿದ್ದರೂ ಕಲೆಯಾಗುತ್ತದೆ ಅಂತ ಅವರು ಅದನ್ನು ವರ್ಷವಿಡೀ ಸೂರಿನ ಕೆಳಗೆ ಕಾಯುತ್ತಾರೆ. ನಾನು ನೆಲ ನೋಡಿಕೊಂಡು ನಿಂತಿದ್ದೆ.

ಬೂದಿರೋಗ ತೇಪೆ ತೇಪೆಯಾಗಿ ಬರುತ್ತದೆ, ಭೂತಗನ್ನಡಿಯಲ್ಲಿ ಜೇಡರ ಬಲೆಯಂಥ ಎಳೆ ಕಾಣುತ್ತದೆ. ಆರಿಕ್ಯುಲಾದ ಹಿಟ್ಟು ಸಮನಾಗಿ ಹರಡಿರುತ್ತದೆ, ಎಳೆಯ ಎಲೆಯಲ್ಲೇ ದಪ್ಪ. ಹಾಗೇ ಬೆಳ್ಳಿ ಸ್ಯಾಕ್ಸಿಫ್ರಾಗಾ ಎಂಬ ಇನ್ನೊಂದು ಗಿಡದ ಎಲೆಯ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆಗಳಿರುತ್ತವೆ, ಗೆಜ್ಜೆ ಕಟ್ಟಿದ ಹಾಗೆ. ಉಗುರಿನಿಂದ ಮೀಟಿದರೆ ಪುಡಿಯಾಗುತ್ತದೆ. ಅದು ಸುಣ್ಣ. ಬೇರು ಹೀರಿದ ನೀರನ್ನು ಎಲೆಯಂಚಿನ ರಂಧ್ರಗಳು ಹೊರಹಾಕಿದಾಗ ನೀರು ಆರಿ ಸುಣ್ಣ ಉಳಿಯುತ್ತದೆ. ಅದನ್ನು ನಾನು ಒರೆಸಲಿಲ್ಲ, ಸದ್ಯ.

ಹಾಗೇ, ಪ್ರಿಮುಲಾ ದಿಢೀರನೆ ಬಾಡಿದರೆ ಶಿಲೀಂಧ್ರವೇ ಅಂತ ತೀರ್ಮಾನ ಮಾಡಬೇಡಿ. ಕುಂಡ ಕವುಚಿ ನೋಡಿ. ಕೆನೆ ಬಣ್ಣದ, ಕಂದು ತಲೆಯ, ಸುರುಟಿಕೊಂಡ ಹುಳುಗಳಿದ್ದರೆ ಅದು ವೈನ್ ವೀವಿಲ್ ಎಂಬ ದುಂಬಿಯ ಮರಿ. ಬೇರನ್ನೆಲ್ಲ ತಿಂದು ಮುಗಿಸಿರುತ್ತದೆ. ಅದಕ್ಕೆ ಯಾವ ಶಿಲೀಂಧ್ರನಾಶಕವೂ ಏನೂ ಮಾಡುವುದಿಲ್ಲ.

ಔಷಧಿಯ ಬಗ್ಗೆ ಊರಿನವರು ಕೇಳುತ್ತಾರೆ. ಬೋರ್ಡೋ ದ್ರಾವಣ ಹೊಡೆಯಬಾರದಾ? ಅಪ್ಪಯ್ಯ ಅಂತೂ ಮೈಲುತುತ್ತ ಕಳಿಸಲಾ ಅಂತಲೇ ಕೇಳಿದ್ದರು. ಬೋರ್ಡೋ ವಾಸನೆ ಬಂದರೆ ನನಗೆ ಮನೆ ಅಂಗಳವೇ ನೆನಪಾಗುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾ ಮುರುಗಾ ಆಗಬಾರದು. ಆಮೇಲೆ ಉಜ್ಜಿದ ಕತ್ತಿಯ ತುದಿಯನ್ನು ಅದ್ದಿ ನೋಡುವುದು ನನ್ನ ಕೆಲಸವಾಗಿತ್ತು. ಕತ್ತಿ ಕೆಂಪಗಾದರೆ ತುತ್ತ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು ಅಂತ ಕೂಗಬೇಕು. ಆ ಅಧಿಕಾರ ಆಮೇಲೆ ಯಾವ ನೌಕರಿಯಲ್ಲೂ ಸಿಕ್ಕಿಲ್ಲ.

ಆದರೆ ಬ್ರಿಟನ್ನಿನಲ್ಲಿ ಈಗ ಮನೆ ತೋಟದವರಿಗೆ ಬೋರ್ಡೋ ಮಾರುವುದಿಲ್ಲ. ಮನೆಯಲ್ಲೇ ಬೆರೆಸಿ ಹೊಡೆಯುವುದಕ್ಕೂ ಕಾನೂನಿನ ಒಪ್ಪಿಗೆ ಇಲ್ಲ. ಈಗ ಯೋಚಿಸಿದರೆ ನನ್ನ ಸೋಡಾ ನೀರೂ ಅದೇ ಸಾಲಿನದ್ದು. ಅಂಗಡಿಯಲ್ಲಿ ಸಿಗುವುದು ಟೆಬುಕೊನಜೋಲ್ ಎಂಬ ಶಿಲೀಂಧ್ರನಾಶಕ ಇರುವ ಸ್ಪ್ರೇ. ತುಕ್ಕುರೋಗಕ್ಕೆ, ಬೂದಿರೋಗಕ್ಕೆ ಲೇಬಲ್ಲಿನಲ್ಲಿ ಹೇಳಿದಷ್ಟು ಹೊಡೆಯಬಹುದು. ನಾನು ಒಂದು ಬಾಟಲಿ ತಂದು ಎರಡು ವರ್ಷವಾಯಿತು, ಇನ್ನೂ ಮುಕ್ಕಾಲು ಇದೆ. ದಿಂಬಿನಂಥ ಗಿಡಗಳಿಗೆ ಸ್ಪ್ರೇ ಹೊಡೆಯುವುದು ಎಂದರೆ ಮತ್ತೆ ಅದನ್ನೇ ಒದ್ದೆ ಮಾಡುವುದು. ನನಗೆ ಮನಸ್ಸು ಬರುವುದಿಲ್ಲ.

ಇಷ್ಟೆಲ್ಲ ಬರೆಯಲು ಕೂತಿದ್ದೇ ಇವತ್ತು ಸಂಜೆ ಕಂಡ ಒಂದು ಕಾರಣಕ್ಕೆ. ಗೋಡೆಯ ಮೇಲಿನ ಕುಂಡದಲ್ಲಿ ಸೆಂಪರ್ವೈವಮ್ ಇದೆ, ತಾವರೆ ಹಾಗೆ ಸುತ್ತಿಕೊಂಡ ದಪ್ಪ ಎಲೆಯ ಗಿಡ. ಏನು ಮಾಡಿದರೂ ಸಾಯುವುದಿಲ್ಲ ಎಂದು ಹೆಸರಾದದ್ದು. ಅದರಲ್ಲಿ ನಾಲ್ಕು ಸುತ್ತುಗಳು ಮಾತ್ರ ಬೇರೆ ಥರ. ಎಲೆಗಳು ಸಪೂರವಾಗಿ, ಪಕ್ಕದವಕ್ಕಿಂತ ಎರಡು ಪಟ್ಟು ಉದ್ದವಾಗಿ, ಬಿಳಚಿಕೊಂಡು ನೆಟ್ಟಗೆ ನಿಂತಿವೆ. ಮೊದಲು ಹೂ ಬಿಡಲು ಹೊರಟಿದೆ ಅಂದುಕೊಂಡೆ. ಭೂತಗನ್ನಡಿ ಹಿಡಿದರೆ ಎಲೆಯ ಮೈತುಂಬ ಅರಿಶಿನ-ಕಿತ್ತಳೆ ಬಣ್ಣದ ಗುಳ್ಳೆ. ಕೆಲವು ಒಡೆದು ಪುಡಿ ಉದುರಿಸುತ್ತಿವೆ. ಎಂಡೊಫಿಲ್ಲಮ್ ಸೆಂಪರ್ವೈವಿ, ಈ ಗಿಡಗಳ ತುಕ್ಕುರೋಗ. ಎಷ್ಟೋ ತುಕ್ಕುರೋಗಗಳಿಗೆ ಬದುಕಲು ಎರಡು ಜಾತಿಯ ಗಿಡ ಬೇಕು. ಇದಕ್ಕೆ ಬೇಡ. ಇದೇ ಗಿಡದಿಂದ ಇದೇ ಗಿಡಕ್ಕೆ ಹಬ್ಬುತ್ತದೆ. ಎಳೆಗಳು ಒಳಗೇ ಉಳಿದು ಚಳಿಗಾಲ ಕಳೆಯುತ್ತವೆ. ಎಲೆ ಕತ್ತರಿಸಿದರೆ ಸಾಲದು, ಸುತ್ತನ್ನೇ ಬುಡಸಮೇತ ಕೀಳಬೇಕು.

ನಾಲ್ಕನ್ನೂ ಕಿತ್ತೆ, ಅವುಗಳ ಪಕ್ಕದ ಐದನ್ನೂ ಕಿತ್ತೆ. ಕವರಿನ ಬಾಯಿ ಗಂಟು ಹಾಕಿ ಡಬ್ಬಿಗೆ ಹಾಕಿದೆ. ಚಿಮುಟವನ್ನು ಸ್ಪಿರಿಟಿನಲ್ಲಿ ಒರೆಸಿದೆ. ಕೈ ತೊಳೆಯುವಾಗ ನೆನಪಾಯಿತು. ಕಳೆದ ಆಗಸ್ಟಿನಲ್ಲಿ ಇದೇ ಕುಂಡದಿಂದ ಆರು ಮರಿಗಳನ್ನು ಬಿಡಿಸಿ ಪಕ್ಕದ ಮನೆಯಾಕೆಗೆ ಕೊಟ್ಟಿದ್ದೆ. ಅವರು ಅದನ್ನು ಬಾಗಿಲ ಪಕ್ಕದಲ್ಲೇ, ನೀಲಿ ಕುಂಡದಲ್ಲಿ ಚಂದ ಮಾಡಿ ಇಟ್ಟುಕೊಂಡಿದ್ದಾರೆ. ನಾಳೆ ಬೆಳಿಗ್ಗೆ ಭೂತಗನ್ನಡಿ ತೆಗೆದುಕೊಂಡು ಹೋಗಬೇಕು. ಹೇಗೆ ಶುರು ಮಾಡುವುದು ಅಂತ ಇನ್ನೂ ಗೊತ್ತಾಗಿಲ್ಲ.